ಐವತ್ತು ಕೆಬಿಯ ನಾಲ್ಕು ಫೈಲು

ಹುಟ್ಟಿದಾಗ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಅರ್ಜಿ ಕಚೇರಿಯ ಎದುರಿನ ಬೀದಿಯಲ್ಲಿ ಆ ಹೆಸರು ಹೇಳಿ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ‘ಐವತ್ತು ಕೆಬಿ ಎಲ್ಲಿ ಕೂರ್ತಾನೆ?’ ಅನ್ನಿ, ಬೀಗ ರಿಪೇರಿಯವನು ಕತ್ತು ಕೂಡ ಎತ್ತದೆ ಗದ್ದದಲ್ಲೇ ದಾರಿ ತೋರಿಸುತ್ತಿದ್ದ.

ಹೆಸರು ಬಂದದ್ದು ಕೆಲಸದಿಂದ. ಆ ಕಚೇರಿಗೆ ಯಾವ ಅರ್ಜಿ ಹಾಕುವುದಾದರೂ, ನೌಕರಿಯದ್ದಿರಲಿ ಪಿಂಚಣಿಯದ್ದಿರಲಿ, ಜೊತೆಗೊಂದು ಫೋಟೋ ಕೊಡಬೇಕು. ಅದು ಜೆಪೆಗ್ ಅನ್ನುವ ಮಾದರಿಯಲ್ಲೇ ಇರಬೇಕು, ಐವತ್ತು ಕೆಬಿಯ ಒಳಗಿರಬೇಕು, ಮುಖ ನಟ್ಟನಡುವೆ ಬರಬೇಕು. ಜನರ ಫೋನುಗಳೋ, ಒಂದೊಂದೂ ತನಗೆ ತೋಚಿದ ಮಾದರಿಯಲ್ಲಿ, ಐವತ್ತರ ಜಾಗದಲ್ಲಿ ಐದು ಸಾವಿರ ಕೆಬಿಯ ಫೋಟೋ ತೆಗೆದು ಕೂತಿರುತ್ತವೆ. ಕಚೇರಿಯ ಕಂಪ್ಯೂಟರ್ ಅದನ್ನು ಮೂಸಿ ನೋಡಿ ಕೆಂಪಕ್ಷರದಲ್ಲಿ ಉಗಿದು ಕಳಿಸುತ್ತದೆ. ಉಗಿಸಿಕೊಂಡವರು ಮುಖ ಇಳಿಬಿಟ್ಟುಕೊಂಡು ರಸ್ತೆ ದಾಟಿ ಇವನ ಮುಂದೆ ಬಂದು ನಿಲ್ಲುತ್ತಾರೆ. ಇವನು ಮಾದರಿ ಬದಲಿಸಿ, ಕತ್ತರಿಸಿ, ಕುಗ್ಗಿಸಿ, ಎರಡು ನಿಮಿಷದಲ್ಲಿ ಕೈಗಿಡುತ್ತಾನೆ. ‘ಹಾಗೇ ನನ್ನನ್ನೂ ಒಂಚೂರು ಕುಗ್ಗಿಸಪ್ಪ’ ಎಂದು ಮೈತುಂಬಿದ ಹೆಂಗಸರು ತಿಂಗಳಿಗೆ ಮೂರು ಸಲವಾದರೂ ಹೇಳುತ್ತಿದ್ದರು. ಅವನು ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ. ಅವನು ಒಳ್ಳೆಯವನು ಅನ್ನುವುದಕ್ಕೆ ನನಗೆ ಇಷ್ಟು ಸಾಕ್ಷಿ ಸಾಕು.

ಅಂಗಡಿ ಅಂದರೆ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಎದ್ದು ನಿಂತರೆ ತಲೆಗೆ ಕಾಂಕ್ರೀಟು. ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್, ಅವನ ಕುರ್ಚಿ, ಬಂದವರಿಗೊಂದು ಸ್ಟೂಲು. ಮೇಲೆ ಯಾರಾದರೂ ಧಡಧಡ ಇಳಿದರೆ ಪರದೆಯ ಮೇಲಿನ ಮುಖವೂ ಅಲುಗುತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ ಆಳೆತ್ತರದ ಬ್ಯಾನರ್ ಅಚ್ಚು ಹಾಕುವ ಅಂಗಡಿಯಿತ್ತು. ‘ನೀನು ಜನರನ್ನ ಕುಗ್ಗಿಸ್ತೀಯ, ನಾನು ಹಿಗ್ಗಿಸ್ತೀನಿ, ಇಬ್ರೂ ಸೇರಿ ಅವರನ್ನ ಇದ್ದ ಹಾಗೆ ಇರೋಕೆ ಬಿಡಲ್ಲ ನೋಡು’ ಎಂದು ಬ್ಯಾನರಿನವನು ಚಹಾ ಹೊತ್ತಿಗೆ ಆಡಿಕೊಳ್ಳುತ್ತಿದ್ದ.

ಈ ಕಸುಬಿಗೆ ಅವನು ಬಂದದ್ದು ಹೊಟ್ಟೆಪಾಡಿಗೆ ಎಂದು ಬೀದಿಯವರು ತಿಳಿದಿದ್ದರು. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಅವನ ಜೇಬಿನಲ್ಲಿದ್ದ ನಾಲ್ಕು ಫೈಲುಗಳು.

ಅವನಿಗೊಬ್ಬ ತಂಗಿಯಿದ್ದಳು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ನಕ್ಕರೆ ನಾಲ್ಕು ಮನೆಗೆ ಕೇಳಬೇಕು, ಅಂಥವಳು. ರೂಪದಲ್ಲಿ ಅಚ್ಚು ಅಮ್ಮನೇ. ಬೆನ್ನ ಹಿಂದಿನಿಂದ ಬಂದವರು ಇಬ್ಬರನ್ನೂ ಅದಲುಬದಲು ಮಾಡಿ ಕರೆಯುತ್ತಿದ್ದರು. ಹನ್ನೆರಡು ವರ್ಷದ ಹಿಂದೆ, ಇಪ್ಪತ್ತೆಂಟು ತುಂಬಿದ ತಿಂಗಳಲ್ಲೇ, ಐದು ದಿನದ ಜ್ವರಕ್ಕೆ ಹೊರಟುಹೋದಳು. ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದಳು. ಹೋಗುವಾಗ ‘ಬರುವಾಗ ಏನಾದ್ರೂ ತರ್ಲಾ?’ ಎಂದು ಕೇಳಿದ್ದಳಂತೆ, ಅದನ್ನು ನೆನೆದು ಅಮ್ಮ ಇವತ್ತಿಗೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಅವಳು ಸಾಯುವುದಕ್ಕೆ ಮೂರು ವಾರ ಮುಂಚೆ, ಮಹಡಿಯಲ್ಲಿ ಬಾಡಿಗೆಗಿದ್ದವನೊಬ್ಬ ಹೊಸದಾಗಿ ಕ್ಯಾಮೆರಾ ಕೊಂಡು, ಕಂಡ ಕಂಡದ್ದಕ್ಕೆಲ್ಲ ಕ್ಲಿಕ್ಕಿಸುತ್ತ ತಿರುಗುತ್ತಿದ್ದ. ಹೊಸ್ತಿಲ ಮೇಲೆ ಕೂತಿದ್ದ ಅಮ್ಮನನ್ನೂ, ಹಿಂದಿನಿಂದ ಬಗ್ಗಿ ಅಮ್ಮನ ಭುಜದ ಮೇಲೆ ಕೈಯಿಟ್ಟು ನಗುತ್ತಿದ್ದ ಪುಟ್ಟಿಯನ್ನೂ ತೆಗೆದ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲರೂ ಒಮ್ಮೆ ನೋಡಿದರು. ಪುಟ್ಟಿ ಹೋದ ಮೇಲೆ ಆ ಪುಣ್ಯಾತ್ಮ ಬಂದು, ಕ್ಯಾಮೆರಾದ ಕಾರ್ಡನ್ನು ಕೈಗಿಟ್ಟು, ‘ಇದರಲ್ಲಿ ನಾಲ್ಕಿದೆ’ ಅಂದು ಹೋದ. ನಾಲ್ಕೂ ಇದ್ದವು. ಆದರೆ ಆ ಕ್ಯಾಮೆರಾ ಮಾಡಿದವರು ತಮಗಷ್ಟೇ ಅರ್ಥವಾಗುವ ಮಾದರಿಯೊಂದರಲ್ಲಿ ಫೋಟೋ ಉಳಿಸಿಡುತ್ತಿದ್ದರು, ಒಂದೇ ವರ್ಷದಲ್ಲಿ ಬಾಗಿಲು ಹಾಕಿಕೊಂಡು ಹೋದರು. ಬಾಡಿಗೆಯವನು ಊರು ಬಿಟ್ಟ, ಕ್ಯಾಮೆರಾ ಕೆಟ್ಟಿತು. ಉಳಿದದ್ದು ಯಾವ ಕಂಪ್ಯೂಟರೂ ತೆರೆಯಲಾರದ ನಾಲ್ಕು ಫೈಲು.

ಬೇರೆ ಫೋಟೋ ಇರಲಿಲ್ಲವೇ ಅಂದರೆ ಇತ್ತು. ಶಾಲೆಯ ಗುಂಪು ಫೋಟೋದಲ್ಲಿ ಸಾಸಿವೆ ಕಾಳಿನಷ್ಟು ಮುಖ. ಗುರುತಿನ ಚೀಟಿಯಲ್ಲಿ ಯಾರೋ ಬೈದು ಕೂರಿಸಿದಂಥ ಮುಖ. ಆ ಮುಖ ನೋಡಿ ಅಮ್ಮ, ‘ಇದ್ಯಾರಿದು, ಇವಳು ನಮ್ಮ ಪುಟ್ಟಿಯಲ್ಲ’ ಅಂದಿದ್ದರು.

ಅವನು ಆಗ ಸ್ಟುಡಿಯೋ ಒಂದರ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ. ಸ್ಟುಡಿಯೋ ಮುಚ್ಚಿದಾಗ ಮೆಟ್ಟಿಲ ಕೆಳಗೆ ಬಂದು ಕೂತ. ಮಾದರಿ ಬದಲಿಸುವ ವಿದ್ಯೆಯನ್ನು ಹಲ್ಲು ಕಚ್ಚಿ ಕಲಿತ. ಯಾರ್ಯಾರದೋ ಮದುವೆ, ಯಾರ್ಯಾರದೋ ಮೊಮ್ಮಗು, ಯಾವ ಕಾಲದ್ದೋ ಹಾಳುಬಿದ್ದ ಫೈಲು, ಎಲ್ಲ ತೆರೆದುಕೊಟ್ಟ. ಆ ನಾಲ್ಕು ಮಾತ್ರ ಕಲ್ಲಿನ ಹಾಗೆ ಕೂತಿದ್ದವು. ವರ್ಷಕ್ಕೆರಡು ಸಲ ಅಮ್ಮ, ‘ತೆರೀತೇನೋ?’ ಎಂದು ಕೇಳುತ್ತಿದ್ದರು. ‘ಇನ್ನೂ ಇಲ್ಲಮ್ಮ’ ಅನ್ನುತ್ತಿದ್ದ.

ಇನ್ನು ಅಂಗಡಿಯ ನಿಯಮದ ಮಾತು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಂಗಡಿ ಶುರುವಾದ ಎರಡನೆಯ ವರ್ಷ, ಕೆಲಸಕ್ಕೆ ಅರ್ಜಿ ಹಾಕಲು ಬಂದ ಹುಡುಗಿಯೊಬ್ಬಳು ತನ್ನ ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲೇ ಮರೆತು ಹೋದಳು. ಆಗ ಅವನಿಗೊಬ್ಬ ಪಾಲುದಾರನಿದ್ದ, ಹಲ್ಕಾ ಮನುಷ್ಯ. ಅವಳ ಫೋಟೋಗಳನ್ನು ನಕಲು ಮಾಡಿಕೊಂಡು ಗೆಳೆಯರಿಗೆ ಕಳಿಸಿದ. ವಾರದಲ್ಲಿ ಅವು ಎಲ್ಲೆಲ್ಲೋ ಹರಿದಾಡಿದವು. ಹುಡುಗಿ ಅಂಗಡಿಯ ಮುಂದೆ ಬಂದು ನಿಂತಳು. ಕೂಗಾಡಲಿಲ್ಲ, ಅಳಲಿಲ್ಲ. ‘ನಾನು ಮರೆತು ಹೋಗಿದ್ದು ತಪ್ಪು. ಆದ್ರೆ ನೀವು ಇದ್ರಲ್ಲ’ ಅಂದಳು, ಹೊರಟುಹೋದಳು. ಅವತ್ತು ಅವನು ಪಾಲುದಾರನನ್ನು ಕತ್ತು ಹಿಡಿದು ಆಚೆ ದಬ್ಬಿದ. ಆಮೇಲೆ ಹದಿನೈದು ದಿನ ತಲೆ ಕೆಡಿಸಿಕೊಂಡು ಒಂದು ಪ್ರೋಗ್ರಾಮ್ ಹೊಂದಿಸಿದ.

ಅದು ಹೀಗೆ. ಸಂಜೆ ಆರು ಹೊಡೆದ ಕೂಡಲೇ, ಕಂಪ್ಯೂಟರಿನಲ್ಲಿ ಉಳಿದ ಫೋಟೋ, ಅದಕ್ಕೆ ಚುಚ್ಚಿದ ಕಾರ್ಡು, ಪೆನ್‌ಡ್ರೈವಿನಲ್ಲಿ ಉಳಿದ ಫೋಟೋ, ಎಲ್ಲವನ್ನೂ ಪ್ರೋಗ್ರಾಮ್ ತಾನಾಗಿ ನುಂಗುತ್ತದೆ. ಮರೆತು ಹೋದವರ ಅರ್ಜಿ ನಿಲ್ಲಬಾರದಲ್ಲ, ಅದಕ್ಕೆ ಮೊದಲು ಪ್ರತಿ ಫೋಟೋದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿರುವ ಮುಖ ಹುಡುಕಿ, ಅದರ ಸುತ್ತ ಕತ್ತರಿಸಿ, ಐವತ್ತು ಕೆಬಿಯ ಜೆಪೆಗ್ ಮಾಡಿ ‘ತಟ್ಟೆ’ ಎಂಬ ಫೋಲ್ಡರಿಗೆ ಹಾಕುತ್ತದೆ. ಆಮೇಲೆ ಮೂಲವನ್ನು, ತನಗೆ ತೆರೆಯಲು ಬಾರದ ಫೈಲಿದ್ದರೆ ಅದನ್ನೂ, ಒರೆಸುತ್ತದೆ. ಒಂದು ಸಲವಲ್ಲ, ಅದೇ ಜಾಗದ ಮೇಲೆ ಮೂರು ಸಲ ಸೊನ್ನೆ ಬರೆದು, ಎಂಥ ಖದೀಮ ಬಂದರೂ ಮತ್ತೆ ಎತ್ತಲಾಗದ ಹಾಗೆ. ಗೋಡೆಗೆ ಬೋರ್ಡನ್ನೂ ಹಾಕಿದ: ‘ಆರು ಗಂಟೆಯ ಮೇಲೆ ಇಲ್ಲಿ ಮರೆತ ಯಾವ ಫೋಟೋವೂ ಉಳಿಯುವುದಿಲ್ಲ.’

ಒಮ್ಮೆ ಒಬ್ಬ ಯಜಮಾನರು ಪ್ರವಾಸದ ಫೋಟೋ ಪೂರಾ ಕಳೆದುಕೊಂಡು ಎಗರಾಡಿದರು. ಅವನು ಎದ್ದು ನಿಲ್ಲಲಾಗದ ಆ ಜಾಗದಲ್ಲಿ ಬಗ್ಗಿ ನಿಂತು, ‘ಅಳಿಸಿಹೋದ್ರೆ ಇನ್ನೊಂದು ತೆಗೀಬಹುದು ಸ್ವಾಮಿ. ಹರಡಿಹೋದ್ರೆ ಏನು ಮಾಡ್ತೀರಿ?’ ಅಂದ. ಆ ಮಾತು ಬೀದಿಯಲ್ಲೆಲ್ಲ ಓಡಾಡಿತು. ಬ್ಯಾನರಿನವನು ಅದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಕೊಡುತ್ತೇನೆ ಎಂದೂ ಹೇಳಿದ್ದ.

ಈ ವರ್ಷ ಅಮ್ಮನ ಕಣ್ಣು ಕೈಕೊಟ್ಟಿತು. ದೃಷ್ಟಿಯ ನಟ್ಟನಡುವೆ ಒಂದು ಕಪ್ಪು ಮಚ್ಚೆ ಬಂದು ಕೂತಿತು, ದಿನದಿನಕ್ಕೆ ಹಿಗ್ಗತೊಡಗಿತು. ಕಣ್ಣಿನ ಡಾಕ್ಟರು ಅವನನ್ನು ಆಚೆ ಕರೆದು, ‘ಆರು ತಿಂಗಳು. ಎಂಟು ಅಂದ್ರೆ ಹೆಚ್ಚು’ ಅಂದರು. ಅಮ್ಮನಿಗೆ ಆಗಲೇ ಎದುರಿಗೆ ಕೂತವರ ಮುಖ ಕಾಣುತ್ತಿರಲಿಲ್ಲ. ಕತ್ತು ವಾರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಿದರೆ ದೊಡ್ಡ ದೊಡ್ಡ ವಸ್ತುಗಳು ಮಸುಕಾಗಿ ಸಿಗುತ್ತಿದ್ದವು. ಬಾಗಿಲು ಸಿಗುತ್ತಿತ್ತು, ಕಿಟಕಿ ಸಿಗುತ್ತಿತ್ತು.

‘ನನಗೆ ಔಷಧ ಗಿವುಷಧ ಬೇಡ ಕಣೋ’ ಅಂದರು ಅಮ್ಮ ಒಂದು ಮಧ್ಯಾಹ್ನ. ‘ಪೂರ್ತಿ ಕತ್ತಲಾಗೋದ್ರೊಳಗೆ ಒಂದೇ ಒಂದು ಸಲ ಪುಟ್ಟಿ ಮುಖ ತೋರಿಸು. ಆ ಬಾಗಿಲಷ್ಟು ದೊಡ್ಡದು ಮಾಡಿ ತೋರಿಸು. ನಗ್ತಿದ್ಲಲ್ಲ ಅವತ್ತು, ಅದು.’

ಅವನು ಊಟದ ಮುಂದಿನಿಂದ ಹಾಗೇ ಎದ್ದುಹೋದ. ಹೆಂಡತಿ ಹಿಂದೆಯೇ ಬಂದು, ‘ರೀ, ಕೈಲಾಗದ್ದಕ್ಕೆ ಯಾಕೆ ತಲೆ ಆಡಿಸಿದ್ರಿ?’ ಎಂದು ಕೇಳಿದಳು. ತಲೆ ಆಡಿಸಿದ್ದು ಅವನಿಗೇ ಗೊತ್ತಿರಲಿಲ್ಲ.

ಅಲ್ಲಿಂದ ಅವನು ಹುಚ್ಚು ಹಿಡಿದವನ ಹಾಗೆ ಹುಡುಕಿದ. ಇಂಥ ಅನಾಥ ಮಾದರಿಗಳನ್ನು ತೆರೆಯುವುದೇ ಗೀಳಾಗಿದ್ದ ಒಬ್ಬ, ಎಲ್ಲೋ ಬೇರೆ ದೇಶದವನು, ಪತ್ರಕ್ಕೆ ಉತ್ತರ ಬರೆದ: ನಾಲ್ಕನ್ನೂ ಕಳಿಸು, ನೋಡುತ್ತೇನೆ. ಇವನು ಒಂದನ್ನು ಮಾತ್ರ ಕಳಿಸಿದ, ಮೊದಲನೆಯದನ್ನು. ಅದರಲ್ಲಿ ಬರೀ ಬಾಗಿಲ ಚೌಕಟ್ಟು ಇತ್ತೆಂದು ಅವನಿಗೆ ನೆನಪಿತ್ತು. ಯಾರ ಮುಖವನ್ನೂ ಗೊತ್ತಿಲ್ಲದವರಿಗೆ ಕಳಿಸುವುದಿಲ್ಲ ಅನ್ನುವುದು ಅಷ್ಟರಲ್ಲಿ ಅವನ ರಕ್ತಕ್ಕೇ ಇಳಿದಿತ್ತು. ಎರಡು ತಿಂಗಳ ಮೇಲೆ ಒಂದು ಪುಟ್ಟ ಪ್ರೋಗ್ರಾಮ್ ಬಂತು.

ಫೈಲುಗಳು ಆಗ ಉಳಿದಿದ್ದು ಒಂದೇ ಕಡೆ. ಕಾರ್ಡು ನಾಲ್ಕು ವರ್ಷದ ಹಿಂದೆ ಸತ್ತಿತ್ತು. ನಕಲು ಮಾಡಿಟ್ಟಿದ್ದ ಸಿಡಿಯ ಬೆಳ್ಳಿ ಬಣ್ಣ ಸಿಪ್ಪೆಯ ಹಾಗೆ ಸುಲಿದುಹೋಗಿತ್ತು. ಇದ್ದದ್ದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಒಂದು ಪೆನ್‌ಡ್ರೈವ್. ಇನ್ನೊಂದು ನಕಲು ಮಾಡಿಡಬೇಕೆಂದು ಅಂದುಕೊಂಡೇ ಇದ್ದ. ತೆರೆಯದ ಫೈಲಿಗೆ ಎಷ್ಟು ನಕಲು ಇದ್ದರೇನು ಎಂದು ಬಿಟ್ಟೂಬಿಟ್ಟಿದ್ದ. ಇಂಥ ಕೆಲಸಕ್ಕೆ ಕೂತವನು ಹೀಗೆ ಮಾಡಬಹುದೇ ಎಂದು ನೀವು ಕೇಳಬಹುದು. ಮಾಡಿದ, ಏನು ಮಾಡೋಣ.

ಆ ದಿನ ಮಧ್ಯಾಹ್ನ ಎರಡೂವರೆಗೆ ಪೆನ್‌ಡ್ರೈವ್ ಚುಚ್ಚಿ ಪ್ರೋಗ್ರಾಮ್ ಓಡಿಸಿದ. ಹಳೆಯ ಕಂಪ್ಯೂಟರ್, ಒಂದೊಂದಕ್ಕೂ ಮುಕ್ಕಾಲು ಗಂಟೆ ಏದುಸಿರು ಬಿಟ್ಟಿತು. ಬಂದವರನ್ನೆಲ್ಲ ‘ನಾಳೆ ಬನ್ನಿ’ ಎಂದು ಸಾಗಹಾಕಿದ. ಮೊದಲನೆಯದರಲ್ಲಿ ಚೌಕಟ್ಟು. ಎರಡನೆಯದು ಕೈ ನಡುಗಿ ಕಲಸಿಹೋಗಿತ್ತು. ಮೂರನೆಯದರಲ್ಲಿ ಪುಟ್ಟಿ ಅತ್ತ ತಿರುಗಿದ್ದಳು, ಜಡೆ ಮಾತ್ರ ಕಂಡಿತು. ಐದೂ ಮುಕ್ಕಾಲಿಗೆ ನಾಲ್ಕನೆಯದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯಿತು.

ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ಆ ನಗು. ಬಲಗಡೆಯ ಹಲ್ಲೊಂದು ತುಸು ವಾರೆ. ಅದನ್ನು ಅವನು ಮರೆತೇಬಿಟ್ಟಿದ್ದ. ಹನ್ನೆರಡು ವರ್ಷ ದಿನಾ ನೆನೆದರೂ ಆ ಹಲ್ಲು ನೆನಪಾಗಿರಲಿಲ್ಲ. ಮುಂದೆ ಅಮ್ಮ, ಅವರೂ ನಗುತ್ತ, ದೊಡ್ಡದಾಗಿ, ಹತ್ತಿರದಲ್ಲಿ; ಹಿಂದೆ ಪುಟ್ಟಿ, ಬಗ್ಗಿ, ಅಮ್ಮನ ಭುಜ ಹಿಡಿದು. ಅವನು ಮೆಟ್ಟಿಲ ಕೆಳಗೆ ಕೂತು ಗಟ್ಟಿಯಾಗಿ ಅತ್ತ. ಅಳುತ್ತಲೇ ಮನೆಗೆ ಫೋನು ಹಚ್ಚಿದ.

‘ಅಮ್ಮಾ, ಸಿಕ್ಕಿದ್ಲು! ನಗ್ತಿದಾಳಮ್ಮ!’

ಆ ಕಡೆಯಿಂದ ಅಮ್ಮ, ‘ಬೇಗ ಕರ್ಕೊಂಡು ಬಾರೋ’ ಅಂದರು.

ಆ ದೊಡ್ಡ ಚಿತ್ರವನ್ನು ಪೆನ್‌ಡ್ರೈವಿಗೇ ಉಳಿಸಲು ಕೊಟ್ಟ. ಅಲ್ಲಿಂದ ನೇರ ಬ್ಯಾನರಿನವನ ಯಂತ್ರಕ್ಕೆ ಒಯ್ಯಬಹುದಲ್ಲ. ‘ಇನ್ನು ಎಂಟು ನಿಮಿಷ’ ಎಂದು ಪರದೆ ಹೇಳಿತು. ಅಷ್ಟರಲ್ಲಿ ರಸ್ತೆಯಾಚೆ ಶಟರ್ ಎಳೆಯುವ ಸದ್ದು ಕೇಳಿಸಿತು. ಅವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದ.

‘ಎಳೀಬೇಡ, ಎಳೀಬೇಡ! ಒಂದು ಹಾಕ್ಬೇಕು. ಬಾಗಿಲಷ್ಟು!’

‘ಏನಯ್ಯ, ಐವತ್ತು ಕೆಬಿ ಬಾಗಿಲಷ್ಟು ಕೇಳ್ತಿದಾನೆ!’ ಎಂದು ನಗುತ್ತ ಬ್ಯಾನರಿನವನು ಶಟರ್ ಮೇಲೆತ್ತಿದ. ವಿಷಯ ಕೇಳಿದ ಮೇಲೆ ನಗು ನಿಲ್ಲಿಸಿ, ಯಂತ್ರಕ್ಕೆ ಹೊಸ ಬಟ್ಟೆ ಏರಿಸಿದ, ಚಹಾ ತರಿಸಿದ. ಮನೆಯ ಬಾಗಿಲು ಎಷ್ಟು ಅಡಿ, ಅಂಚು ಬಿಡಬೇಕೇ ಬೇಡವೇ, ಮಡಚಬಾರದು ಸುತ್ತಬೇಕು, ಎಂದು ಇಬ್ಬರೂ ಅಳತೆ ಹಾಕಿದರು. ಆ ಕಾಲು ಗಂಟೆ ಅವನಷ್ಟು ಸುಖಿ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಕಣ್ಣೆತ್ತಿ ನೋಡಿದ್ದು ಬ್ಯಾನರಿನವನ ಗೋಡೆ ಗಡಿಯಾರವನ್ನು. ಆರು ದಾಟಿ ಏಳು ನಿಮಿಷವಾಗಿತ್ತು.

ಚಹಾ ಲೋಟ ಅಲ್ಲೇ ಇಟ್ಟು ರಸ್ತೆ ದಾಟಿ ಓಡಿದ.

ಅಂಗಡಿಗೆ ಬಂದಾಗ ಪರದೆ ಅಚ್ಚುಕಟ್ಟಾಗಿತ್ತು, ಎಲ್ಲ ಸಂಜೆಗಳ ಹಾಗೆ. ಪೆನ್‌ಡ್ರೈವ್ ಖಾಲಿ. ನಾಲ್ಕು ಮೂಲ ಫೈಲು, ನಾಲ್ಕು ಹೊಸ ಚಿತ್ರ, ಒಂದೂ ಇಲ್ಲ. ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತವರಿಗೆಲ್ಲ ಬೋರ್ಡು ತೋರಿಸಿ ಎಚ್ಚರಿಸಿದವನು, ತಾನೇ ಮರೆತು ಎದ್ದುಹೋಗಿದ್ದ. ‘ತಟ್ಟೆ’ಯಲ್ಲಿ ಒಂದೇ ಒಂದು ಜೆಪೆಗ್ ಇತ್ತು, ನಲವತ್ತೆಂಟು ಕೆಬಿಯದು. ಮೊದಲ ಮೂರರಲ್ಲಿ ಆರು ಗಂಟೆಯ ಪ್ರೋಗ್ರಾಮಿಗೆ ಮುಖ ಸಿಕ್ಕಿರಲಿಲ್ಲ. ನಾಲ್ಕನೆಯದರಲ್ಲಿ ಎಲ್ಲಕ್ಕಿಂತ ದೊಡ್ಡ ಮುಖ ಹುಡುಕಿ, ಸುತ್ತ ಚೊಕ್ಕವಾಗಿ ಕತ್ತರಿಸಿತ್ತು. ದೊಡ್ಡ ಮುಖ ಅಮ್ಮನದು. ಭುಜದ ಮೇಲೆ ಪುಟ್ಟಿಯ ನಾಲ್ಕು ಬೆರಳು ಉಳಿದಿದ್ದವು, ಗೆಣ್ಣಿನ ತನಕ.

ಮರುದಿನ ಡಿಸ್ಕ್ ರಿಪೇರಿಯವನ ಹತ್ತಿರ ಹೋದ. ಹೋಗಿ ಪ್ರಯೋಜನವಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೋದ. ರಿಪೇರಿಯವನು ಎರಡು ಗಂಟೆ ತಡಕಾಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ‘ಯಾರ್ರೀ ಇಷ್ಟು ನೀಟಾಗಿ ಒರೆಸಿದ್ದು? ಒಂದು ಚೂರೂ ಬಿಟ್ಟಿಲ್ಲ’ ಎಂದು ಮೆಚ್ಚಿಕೊಂಡ.

‘ನಾನೇ’ ಅಂದ.

ಎರಡು ದಿನ ಅಮ್ಮನಿಗೆ ಸುಳ್ಳು ಹೇಳಿದ. ಬಣ್ಣ ಒಣಗಬೇಕು ಅಂದ, ಯಂತ್ರ ಕೆಟ್ಟಿದೆ ಅಂದ. ಅಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಇದ್ದ ಚೂರು ಬೆಳಕನ್ನು ಖರ್ಚು ಮಾಡಬಾರದೆಂದು ಹಗಲೆಲ್ಲ ಕಣ್ಣು ಮುಚ್ಚಿಯೇ ಕೂತಿರುತ್ತಿದ್ದರಂತೆ. ಹೆಂಡತಿ ಅದನ್ನು ಹೇಳಿ, ‘ಹೇಳಿಬಿಡಿ ರೀ ಅತ್ತೆಗೆ. ಇದು ಹಿಂಸೆ’ ಅಂದಳು. ಮೂರನೆಯ ದಿನ ಬೆಳಿಗ್ಗೆ ಅವನು ಉಳಿದ ಆ ಒಂದು ಜೆಪೆಗ್ಗನ್ನೇ ಬ್ಯಾನರಿನವನ ಹತ್ತಿರ ಬಾಗಿಲಷ್ಟು ಹಾಕಿಸಿದ. ಬ್ಯಾನರಿನವನು ತಮಾಷೆ ಮಾಡಲಿಲ್ಲ, ಸುತ್ತಿ ಕೊಟ್ಟು ರಸ್ತೆಯ ತನಕ ಬಂದ. ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ: ಅಮ್ಮ, ತಪ್ಪಾಯಿತು. ಇದು ನೀನು. ಇದು ಅವಳ ಕೈ. ಇಷ್ಟೇ ಉಳಿದದ್ದು.

ನಡುಮನೆಯ ಗೋಡೆಗೆ, ಕಿಟಕಿಯ ಬೆಳಕು ಬೀಳುವ ಕಡೆ, ಬಿಚ್ಚಿ ಅಂಟಿಸಿದ. ಅಷ್ಟು ಚಿಕ್ಕದನ್ನು ಅಷ್ಟು ಹಿಗ್ಗಿಸಿದ ಮೇಲೆ ಉಳಿಯುವುದೇನು? ಹೆಂಚು ಜೋಡಿಸಿದ ಹಾಗೆ ಚೌಕ ಚೌಕ ಬಣ್ಣ. ದೂರ ನಿಂತರೆ ಮುಖ. ಹೆಂಡತಿ ಬಂದು ನೋಡಿದಳು, ಅದು ಯಾರ ಮುಖವೆಂದು ಅವಳಿಗೆ ತಕ್ಷಣ ತಿಳಿಯಿತು, ಗಂಡನ ಮುಖ ನೋಡಿ ಸರ್ರನೆ ಒಳಗೆ ಹೋದಳು.

ಅಮ್ಮ ಗೋಡೆ ಹಿಡಿದು ಬಂದರು. ತಲೆ ಬಾಚಿಕೊಂಡಿದ್ದರು. ಕತ್ತು ಒಂದು ಕಡೆ ವಾಲಿಸಿ, ಮೊದಲು ಎಡಗಣ್ಣಿನ ಅಂಚಿನಿಂದ, ಆಮೇಲೆ ಬಲಗಣ್ಣಿನ ಅಂಚಿನಿಂದ, ಸ್ವಲ್ಪ ಸ್ವಲ್ಪವೇ ನೋಡಿದರು. ಅವನು ‘ಅಮ್ಮ’ ಎಂದು ಬಾಯಿ ತೆರೆದ.

‘ಪುಟ್ಟೀ’ ಅಂದರು ಅಮ್ಮ.

ಅವನ ಬಾಯಿಪಾಠ ಅಲ್ಲೇ ನಿಂತಿತು.

ಅಮ್ಮ ಗೋಡೆಯ ಮೇಲಿನ ಕೆನ್ನೆಗೆ ಕೈ ಹಚ್ಚಿದರು. ಇನ್ನೂ ಹತ್ತಿರ ಹೋದರು. ‘ಇದೇನೋ, ಇಷ್ಟು ಸೊರಗಿದಾಳೆ? ಕೆನ್ನೆ ಎಲ್ಲ ಇಳಿದುಹೋಗಿದೆ. ಕಣ್ಣ ಕೆಳಗೆ ನೋಡು ಕಪ್ಪು. ವಯಸ್ಸಾದವಳ ಹಾಗೆ ಕಾಣ್ತಾಳಲ್ಲೋ.’

‘ಬೆಳಕು ಸರಿ ಇರ್ಲಿಲ್ಲ ಅಮ್ಮ.’

‘ಬೆಳಕಲ್ಲ ಕಣೋ. ಆಗ್ಲೇ ಕಾಯಿಲೆ ಇತ್ತು ಅವಳಿಗೆ. ಮೂರು ವಾರ ಮುಂಚೇನೇ ಮುಖದ ಮೇಲೆ ಬಂದಿತ್ತು. ನಮಗೆ ತಿಳೀಲೇ ಇಲ್ಲ.’ ಅವರ ಕೈ ಕೆನ್ನೆಯಿಂದ ಭುಜಕ್ಕೆ ಇಳಿಯಿತು, ಅಲ್ಲಿದ್ದ ಮಾಸಲು ಬಿಳುಪಿನ ಹತ್ತಿರ ನಿಂತಿತು. ‘ಭುಜದ ಮೇಲೆ ಇದೇನಿದು?’

ನಿಜ ಹೇಳುವುದಿದ್ದರೆ ಅದೊಂದೇ ಗಳಿಗೆ. ಹೇಳಿದರೆ ಅಮ್ಮನ ಕಣ್ಣ ಮುಂದಿನಿಂದ ಮಗಳು ಇನ್ನೊಂದು ಸಲ ಹೋಗುತ್ತಾಳೆ, ಹೇಳದಿದ್ದರೆ ಇಲ್ಲದ ಕಾಯಿಲೆಯೊಂದು ಅಮ್ಮನ ತಲೆಯ ಮೇಲೆ ಕೂರುತ್ತದೆ. ಅವನು ಆ ನಾಲ್ಕು ಬೆರಳನ್ನೇ ನೋಡುತ್ತ ನಿಂತ. ತಂಗಿಯದು ಅಂತ ಜಗತ್ತಿನಲ್ಲಿ ಉಳಿದದ್ದು ಅಷ್ಟೇ.

‘ಅದು ನಿನ್ನ ಕೈಯಮ್ಮ’ ಅಂದ.

‘ನನ್ನ ಕೈಯಾ?’ ಅಮ್ಮ ಆ ಬೆರಳುಗಳ ಮೇಲೆ ತಮ್ಮ ಬೆರಳನ್ನಿಟ್ಟು ಅಳತೆ ನೋಡಿದರು. ‘ಹಾಗಾದ್ರೆ ಪಕ್ಕದಲ್ಲೇ ಇದ್ದೆ ನಾನು.’

‘ಹೂಂ. ಪಕ್ಕದಲ್ಲೇ ಇದ್ದೆ.’

‘ಪಕ್ಕದಲ್ಲೇ ಇದ್ದು, ಮೈ ಮುಟ್ಟಿಕೊಂಡು ಕೂತಿದ್ದು, ಮಗು ಹೀಗಾಗಿರೋದು ನನ್ನ ಕಣ್ಣಿಗೆ ಬೀಳಲಿಲ್ಲ’ ಅಂದರು ಅಮ್ಮ. ‘ಆಗ ನನ್ನ ಕಣ್ಣು ಚೆನ್ನಾಗೇ ಇತ್ತಲ್ಲೋ.’

ಅವನು ಅಮ್ಮನಿಗೆ ಕೂರಲು ಕುರ್ಚಿ ಎಳೆದುಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ. ಅಲ್ಲಿ ಮೂವರು ಆಗಲೇ ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು.